ಹಾಡು ಕೇಳಿ ಕಾರ್ಡ್ ಹಿಡಿಯುವುದು: ಮೊದಲು ಬೇಸ್, ಆಮೇಲೆ ಉಳಿದದ್ದು

ನನ್ನ ಹತ್ತಿರ ಕೀಬೋರ್ಡ್ ಕಲಿಯಲು ಬರುವವರು ಮೊದಲ ವಾರದಲ್ಲೇ ಕೇಳುತ್ತಾರೆ: "ಮೇಡಂ, ಈ ಹಾಡಿನ ಕಾರ್ಡ್ಸ್ ಬರೆದು ಕೊಡ್ತೀರಾ?" ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಮೂರೋ ಅದಕ್ಕಿಂತ ಹೆಚ್ಚೋ ಸ್ವರಗಳ ಗುಂಪು. ನಾನು ಬರೆದು ಕೊಡುವುದಿಲ್ಲ. ಹಾಡು ಹಾಕಿ, "ಕೆಳಗಡೆ ಬೇಸ್ ಏನು ಹೇಳ್ತಿದೆ, ಅದನ್ನ ಬಾಯಲ್ಲಿ ಹಾಡಿ ತೋರಿಸಿ" ಅನ್ನುತ್ತೇನೆ. ಬೇಸ್ ಎಂದರೆ ಹಾಡಿನ ಅಡಿಯಲ್ಲಿ ನುಡಿಯುವ, ಎಲ್ಲಕ್ಕಿಂತ ತಗ್ಗಿನ ಸ್ವರ. ಅದನ್ನು ಹಾಡಲು ಬಂದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಂತೆ.

ನಾನು ಮೈಸೂರಿನಲ್ಲಿ ಸುಗಮ ಸಂಗೀತದ ಗಾಯಕರಿಗೆ ಕೀಬೋರ್ಡ್ ನುಡಿಸುತ್ತೇನೆ. ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತ ಕಲಿತು ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಕಾರ್ಡ್ ಕಲಿತದ್ದು ಬಹಳ ತಡವಾಗಿ. ಭಾವಗೀತೆಗಳಿಗೆ, ಹಳೆಯ ಸಿನಿಮಾ ಹಾಡುಗಳಿಗೆ ಬರೆದಿಟ್ಟ ಕಾರ್ಡ್ ಸಿಗುವುದು ಕಡಿಮೆ. ಸಿಕ್ಕರೂ ಅದು ಬೇರೆ ಶ್ರುತಿಯಲ್ಲಿರುತ್ತದೆ, ಇಲ್ಲವೇ ಯಾರೋ ಅಂದಾಜಿನ ಮೇಲೆ ಹಾಕಿರುತ್ತಾರೆ. ಹಾಗಾಗಿ ನಮ್ಮ ಕಿವಿಯನ್ನೇ ನಂಬಬೇಕು. ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ, ಜಂಟಿ ವರಸೆ ಹಾಡಿದವರಿಗೆ ಇದು ಬೇಗ ಬರುತ್ತದೆ. ಸ ರಿ ಗ ಮ ಗೊತ್ತಿದ್ದರೆ ನಿಮ್ಮ ಕೈಯಲ್ಲಿ ದೊಡ್ಡ ಆಯುಧವೇ ಇದೆ. ಅದನ್ನು ಪಕ್ಕಕ್ಕಿಟ್ಟು ಇಂಗ್ಲಿಷ್ ಅಕ್ಷರಗಳ ಹಿಂದೆ ಓಡಬೇಡಿ. ಸಿ, ಡಿ, ಇ ಎಲ್ಲ ಕೊನೆಯಲ್ಲಿ ಬರಲಿ.

ಫೋನ್ ಸ್ಪೀಕರಿನಲ್ಲಿ ಕೇಳಬೇಡಿ

ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಜ್. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗೆ ಇಳಿಯುವ ಶಕ್ತಿಯೇ ಇಲ್ಲ. ನಾವು ಹುಡುಕುವ ಸ್ವರ ಅಲ್ಲಿ ಸರಿಯಾಗಿ ಕೇಳಿಸುವುದೇ ಇಲ್ಲ. ತೀರಾ ಸಾದಾ ಇಯರ್‌ಫೋನ್ ಆದರೂ ಪರವಾಗಿಲ್ಲ, ಕಿವಿಗೆ ಹಾಕಿಕೊಳ್ಳಿ. ಈಕ್ವಲೈಸರ್ ಇದ್ದರೆ ಮೇಲಿನ ಭಾಗ ಇಳಿಸಿ, ಕೆಳಗಿನದನ್ನು ಸ್ವಲ್ಪ ಏರಿಸಿ. ಗಾಯಕರ ದನಿ ಹಿಂದೆ ಸರಿದು ಬೇಸ್ ಮುಂದೆ ಬರುತ್ತದೆ.

ಹಾಡು ವೇಗವಾಗಿದ್ದರೆ ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ. ಶ್ರುತಿ ಬದಲಾಗುವುದಿಲ್ಲ. 0.5ಕ್ಕೆ ಇಳಿಸಿದರೆ ಶಬ್ದ ಕಲಸಿಹೋಗುತ್ತದೆ, ನನಗೆ ಅದು ಹಿಡಿಸುವುದಿಲ್ಲ.

ಇನ್ನೊಂದು ವಿಷಯ. ಹಳೆಯ ಧ್ವನಿಮುದ್ರಣಗಳು ಎಷ್ಟೋ ಸಲ ಎರಡು ಮನೆಗಳ, ಅಂದರೆ ಕೀಬೋರ್ಡಿನ ಎರಡು ಕೀಗಳ, ನಡುವೆ ನಿಂತಿರುತ್ತವೆ. ಸಿ ಒತ್ತಿದರೆ ಹಾಡು ಮೇಲೆ, ಸಿ ಶಾರ್ಪ್ ಒತ್ತಿದರೆ ಹಾಡು ಕೆಳಗೆ. ಟೇಪ್ ಓಡಿದ ವೇಗ ಸ್ವಲ್ಪ ಆಚೀಚೆ ಆದರೂ ಹೀಗಾಗುತ್ತದೆ. ನಿಮ್ಮ ಕಿವಿಯನ್ನು ಬೈಯಬೇಡಿ. ಕೀಬೋರ್ಡಿನ ಸೆಟ್ಟಿಂಗಿನಲ್ಲಿ ಟ್ಯೂನಿಂಗ್ ಅಂತ ಇರುತ್ತದೆ. ಮಾಮೂಲಿಗೆ ಅದು 440 ಹರ್ಟ್ಜ್‌ನಲ್ಲಿರುತ್ತದೆ. ಅದನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಹಾಡಿಗೆ ಸೇರಿಸಿ. ಗಿಟಾರ್ ಆದರೆ ಆರೂ ತಂತಿಗಳನ್ನು ಹಾಡಿಗೆ ಹೊಂದಿಸಿಕೊಳ್ಳಿ. ಕಂಪ್ಯೂಟರ್ ಇದ್ದರೆ ಉಚಿತವಾಗಿ ಸಿಗುವ ಅಡಾಸಿಟಿಯಲ್ಲಿ ಹಾಡಿನ ಶ್ರುತಿಯನ್ನೇ ಸರಿಸಬಹುದು.

ಸ ಎಲ್ಲಿದೆ?

ಹಾಡು ಹಾಕಿ, ಪಲ್ಲವಿಯ ನಡುವೆ ತಟ್ಟನೆ ನಿಲ್ಲಿಸಿ. ಈಗ ಎಲ್ಲಿಗೆ ಹೋಗಿ ಕೂತರೆ ಮನಸ್ಸಿಗೆ ಸಮಾಧಾನ? ಆ ಸ್ವರವನ್ನು ಗುನುಗಿ. ಸಾಮಾನ್ಯವಾಗಿ ಅದೇ ಸ. ಕೀಬೋರ್ಡಿನಲ್ಲಿ ಅದನ್ನು ಹುಡುಕಿ ಹಿಡಿದುಕೊಳ್ಳಿ. ಪಲ್ಲವಿಯ ಕೊನೆಯ ಸ್ವರವೂ ಬಹಳ ಹಾಡುಗಳಲ್ಲಿ ಸ ಆಗಿರುತ್ತದೆ, ಆದರೆ ಯಾವಾಗಲೂ ಅಲ್ಲ. ಗ ಅಥವಾ ಪ ಮೇಲೆ ನಿಲ್ಲುವ ಪಲ್ಲವಿಗಳೂ ಬೇಕಾದಷ್ಟಿವೆ.

ಅನುಮಾನ ಇದ್ದರೆ ಫೋನಿನ ತಂಬೂರಿ ಆ್ಯಪ್ ತೆರೆಯಿರಿ. ನೀವು ಅಂದುಕೊಂಡ ಶ್ರುತಿಗೆ ಸ-ಪ ಹಾಕಿ, ಹಾಡಿನ ಜೊತೆ ಓಡಿಸಿ. ಸ ಸರಿಯಿದ್ದರೆ ಇಡೀ ಹಾಡು ಅದರ ಮೇಲೆ ಆರಾಮಾಗಿ ಕೂರುತ್ತದೆ. ತಪ್ಪಿದ್ದರೆ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ, ಅಲ್ವಾ?

ಇಲ್ಲಿ ಒಂದು ಕಡೆ ಮಾತ್ರ ಎಚ್ಚರ ಬೇಕು. ಸಿ ಮೇಜರ್ ಮತ್ತು ಎ ಮೈನರ್ ಎರಡು ಸ್ಕೇಲ್‌ಗಳಿಗೂ, ಅಂದರೆ ಸ್ವರಸಾಲುಗಳಿಗೂ, ಸ್ವರಗಳು ಅವೇ ಏಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶಂಕರಾಭರಣ ರಾಗದ ಧೈವತವನ್ನು (ದ) ಷಡ್ಜ (ಸ) ಮಾಡಿಕೊಂಡು ಹಾಡಿದರೆ ನಟಭೈರವಿ ರಾಗ ಬರುತ್ತದೆ. ಗ್ರಹಭೇದ, ಅಂದರೆ ಹೀಗೆ ಷಡ್ಜವನ್ನು ಬದಲಿಸುವುದು, ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಕಾರ್ಡ್ ಹೇಳುವ ಆ್ಯಪ್‌ಗಳು ಎಡವುವ ಜಾಗಗಳಲ್ಲಿ ಇದೂ ಒಂದು. ಪರೀಕ್ಷೆ ಸುಲಭ: ಹಾಡು ಮುಗಿಯುವಾಗ ಸಿ ಮೇಜರ್ ನುಡಿಸಿ ನೋಡಿ, ಎ ಮೈನರ್ ನುಡಿಸಿ ನೋಡಿ. ಯಾವುದರಲ್ಲಿ ಹಾಡು ನಿಜವಾಗಿ ಮುಗಿಯಿತು ಅನಿಸುತ್ತದೋ ಅದೇ ಮನೆ.

ಬೇಸನ್ನು ಬಾಯಲ್ಲಿ ಹಾಡಿ

ಇದು ನಾನು ಬಿಟ್ಟುಕೊಡದ ನಿಯಮ. ವಾದ್ಯ ಮುಟ್ಟುವ ಮುಂಚೆ ಹಾಡಬೇಕು. ಬೇಸ್ ಇರುವಷ್ಟು ಕೆಳಗೆ ನಮ್ಮ ಗಂಟಲು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಒಂದೋ ಎರಡೋ ಸ್ಥಾಯಿ ಮೇಲೆ ಹಾಡಿ, ಸ್ವರದ ಹೆಸರು ಬದಲಾಗುವುದಿಲ್ಲ. ಬಾಯಲ್ಲಿ ಬಂದ ಸ್ವರ ಸ ನಿಂದ ಎಷ್ಟು ದೂರ ಇದೆ ಎಂದು ಸರಿಗಮ ಹಾಡಿ ಎಣಿಸಿ. ಪ ಬಂತಾ? ಮ ಬಂತಾ? ಕೆಳಗಿನ ದ ಬಂತಾ?

ಪ್ರತಿಯೊಂದು ಸ್ವರವನ್ನೂ ಹಿಡಿಯಲು ಹೋಗಬೇಡಿ. ಬೇಸ್ ನುಡಿಸುವವರು ನಡುವೆ ಓಡಾಡುತ್ತಾರೆ. ನಮಗೆ ಬೇಕಿರುವುದು ತಾಳದ ಮೊದಲ ಪೆಟ್ಟಿಗೆ ಬೀಳುವ ಸ್ವರ. ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿ. ಎಂಟು ಮಾತ್ರೆಯ ಕೆಹರವಾ ಆದರೆ ಕಾರ್ಡ್ ಬದಲಾಗುವುದು ಹೆಚ್ಚಾಗಿ 1ರಲ್ಲಿ, ಕೆಲವೊಮ್ಮೆ 5ರಲ್ಲಿ. ಆರು ಮಾತ್ರೆಯ ದಾದ್ರಾ ಆದರೆ 1ರಲ್ಲಿ, ಕೆಲವೊಮ್ಮೆ 4ರಲ್ಲಿ. ತಬಲಾ ಸ್ಪಷ್ಟವಾಗಿರುವ ಭಾವಗೀತೆಗಳಲ್ಲಿ ಈ ಲೆಕ್ಕ ತುಂಬಾ ಸಹಾಯ ಮಾಡುತ್ತದೆ. ಈಚಿನ ಸಿನಿಮಾ ಹಾಡುಗಳಲ್ಲಿ ಬೇಸ್ ಅರ್ಧ ಮಾತ್ರೆ ಮೊದಲೇ ಬಂದುಬಿಡುವುದುಂಟು. ಅದಕ್ಕೆ ಗಲಿಬಿಲಿ ಆಗಬೇಡಿ, ಆ ಸ್ವರವನ್ನು ಮುಂದಿನ ಪೆಟ್ಟಿನ ಲೆಕ್ಕಕ್ಕೇ ಸೇರಿಸಿ.

ಶುರುವಿನಲ್ಲಿ ಸ ಮತ್ತು ಪ ಎರಡೂ ಅದಲುಬದಲಾಗುವುದು ಸಹಜ. ಅದಕ್ಕೆ ಕಾರಣ ಇದೆ. ಒಂದು ಸ್ವರ ನುಡಿದಾಗ ಅದರ ಜೊತೆ ಅದರ ಪಂಚಮವೂ ಮೇಲಿನ ಸ್ಥಾಯಿಯಲ್ಲಿ ಸಣ್ಣಗೆ ನುಡಿಯುತ್ತಿರುತ್ತದೆ. ಕಿವಿ ಅದನ್ನು ಹಿಡಿದುಬಿಡುತ್ತದೆ. ಎರಡನ್ನೂ ಹಾಡಿನ ಜೊತೆ ಒಂದೊಂದಾಗಿ ಹಾಡಿ ನೋಡಿ. ಸರಿಯಾದದ್ದು ಬೇಸಿನೊಳಗೆ ಕರಗಿ ಮಾಯವಾಗುತ್ತದೆ. ತಪ್ಪಾದದ್ದು ಬೇರೆಯಾಗಿ ನಿಂತು ಕೇಳಿಸುತ್ತದೆ.

ಮೇಜರೋ ಮೈನರೋ

ಬೇಸ್ ಸ್ವರ ಸಿಕ್ಕಿತು. ಈಗ ಅದನ್ನೇ ಕ್ಷಣಕಾಲ ಸ ಅಂದುಕೊಳ್ಳಿ. ಅದರ ಮೇಲೆ ಗಾಂಧಾರ ಹಾಡಿ. ಅಂತರ ಗಾಂಧಾರ ಕೂತರೆ ಮೇಜರ್. ಅದಕ್ಕಿಂತ ಅರ್ಧ ಸ್ವರ ಕೆಳಗಿನ ಸಾಧಾರಣ ಗಾಂಧಾರ ಕೂತರೆ ಮೈನರ್. ಹಿಂದೂಸ್ತಾನಿ ಕಲಿತವರು ಶುದ್ಧ ಗ, ಕೋಮಲ ಗ ಅಂದುಕೊಳ್ಳಿ. ಇಷ್ಟೇ. ಪ ಎರಡಕ್ಕೂ ಒಂದೇ.

ತಂಬೂರಿಯ ಶ್ರುತಿ ಚೆನ್ನಾಗಿ ಸೇರಿದಾಗ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ. ಪಾಠದ ಸಮಯದಲ್ಲಿ ನಮ್ಮ ಮೇಷ್ಟ್ರು ಹಾಡುವುದನ್ನು ನಿಲ್ಲಿಸಿ ಅದನ್ನು ಕೇಳಿಸುತ್ತಿದ್ದರು. ಮೇಜರ್ ಕಾರ್ಡ್ ಎಂದರೆ ಆ ಸ, ಗ, ಪ ಮೂರನ್ನೂ ಒಟ್ಟಿಗೆ ನುಡಿಸುವುದು. ಅದಕ್ಕೇ ಅದು ಅಷ್ಟು ತೆರೆದುಕೊಂಡಂತೆ ಕೇಳಿಸುತ್ತದೆ. ಮೈನರಿನಲ್ಲಿ ಗಾಂಧಾರ ಅರ್ಧ ಸ್ವರ ಇಳಿದಿರುವುದರಿಂದ ಆ ತಾನಾಗಿ ಬರುವ ಗಾಂಧಾರಕ್ಕೆ ಸಣ್ಣ ಘರ್ಷಣೆ ಆಗುತ್ತದೆ. ಆ ಬಿಗಿಯನ್ನು ಕೇಳಿಸಿಕೊಳ್ಳಿ. ಮೈನರ್ ಎಂದರೆ ದುಃಖ ಎಂದು ಗುರುತು ಇಟ್ಟುಕೊಳ್ಳಬೇಡಿ. ಕುಣಿಸುವ ಮೈನರ್ ಹಾಡುಗಳೂ ಬೇಕಾದಷ್ಟಿವೆ.

ಗಿಟಾರಿನಲ್ಲಿ ಅಭ್ಯಾಸ ಮಾಡಲು ಇ ಮತ್ತು ಇ ಮೈನರ್ ತೆಗೆದುಕೊಳ್ಳಿ. ಒಂದೇ ಒಂದು ಬೆರಳು ಎತ್ತಿದರೆ ಮೇಜರ್ ಹೋಗಿ ಮೈನರ್ ಬರುತ್ತದೆ. ಕಣ್ಣು ಮುಚ್ಚಿ ಎರಡನ್ನೂ ಬದಲಾಯಿಸುತ್ತಾ ಕೂತುಕೊಳ್ಳಿ. ಮನೆಯಲ್ಲಿ ಯಾರಾದರೂ ಇದ್ದರೆ ಅವರ ಕೈಲಿ ನುಡಿಸಿ ನೀವು ಹೇಳಿ.

ಎಲ್ಲರಿಗೂ ಬರುವ ಹಾಡಿನಲ್ಲಿ ನೋಡೋಣ

ಹುಟ್ಟುಹಬ್ಬದ 'ಹ್ಯಾಪಿ ಬರ್ತ್‌ಡೇ' ಹಾಡನ್ನೇ ತೆಗೆದುಕೊಳ್ಳಿ. ಮೂರು ಮಾತ್ರೆಯ ನಡೆ. ಸ್ವರ ಹಾಕಿದರೆ ಹೀಗೆ: ಮೊದಲ ಸಾಲು ಪ ಪ ದ ಪ ಸ ನಿ. ಎರಡನೆಯದು ಪ ಪ ದ ಪ ರಿ ಸ. ಮೂರನೆಯದು ಪ ಪ ಮೇಲಿನ ಪ, ಗ ಸ ನಿ ದ. ಕೊನೆಯದು ಮ ಮ ಗ ಸ ರಿ ಸ. ಎಲ್ಲ ಶಂಕರಾಭರಣದ ಸ್ವರಗಳೇ.

'ಹ್ಯಾಪಿ' ಎನ್ನುವುದು ತಾಳಕ್ಕೆ ಮುಂಚೆ ಬರುವ ಎತ್ತುಗಡೆ. ಮೊದಲ ಪೆಟ್ಟು ಬೀಳುವುದು 'ಬರ್ತ್' ಮೇಲೆ. ಅಲ್ಲಿ ಬೇಸ್ ಸ. ಮುಂದಿನ ಪೆಟ್ಟು 'ಯೂ' ಮೇಲೆ, ಅಲ್ಲಿ ಬೇಸ್ ಪ. ಎರಡನೆಯ ಸಾಲಿನ 'ಬರ್ತ್' ಮೇಲೆ ಪ ಹಾಗೇ ಇರುತ್ತದೆ, 'ಯೂ' ಬಂದಾಗ ಸ ಗೆ ವಾಪಸ್ಸು. ಮೂರನೆಯ ಸಾಲು ಸ ದಲ್ಲಿ ಶುರುವಾಗಿ, ಮಗುವಿನ ಹೆಸರು ಕರೆಯುವ ಜಾಗದಲ್ಲಿ ಮ ಗೆ ಹೋಗುತ್ತದೆ. ಕೊನೆಯ ಸಾಲಿನ 'ಬರ್ತ್‌ಡೇ' ಸ, 'ಟು' ಪ, 'ಯೂ' ಸ. ಮೂರೂ ಮೇಜರ್. ಬಿಳಿ ಒಂದರಲ್ಲಿ, ಅಂದರೆ ಸಿ ಯನ್ನು ಸ ಮಾಡಿಕೊಂಡು, ನುಡಿಸಿದರೆ ಸಿ, ಜಿ, ಎಫ್. ಹಾಡು ಮುಗಿಯಿತು.

ಆದರೆ ಈ ಪುಟ್ಟ ಹಾಡಿನಲ್ಲಿ ಎರಡು ಜಾಗ ಬಹಳ ಮುಖ್ಯ. ಮೊದಲ ಪೆಟ್ಟು ಬೀಳುವ 'ಬರ್ತ್' ಮೇಲೆ ಗಾಯಕರು ಹಾಡುತ್ತಿರುವುದು ದ. ಸಿ ಕಾರ್ಡಿನಲ್ಲಿರುವುದು ಸ, ಗ, ಪ. ಅದರಲ್ಲಿ ದ ಇಲ್ಲವೇ ಇಲ್ಲ! ಹೆಸರು ಕರೆಯುವ ಜಾಗದಲ್ಲೂ ಹಾಗೆಯೇ. ಪೆಟ್ಟಿಗೆ ಬೀಳುವುದು ನಿ. ಎಫ್ ಕಾರ್ಡಿನಲ್ಲಿರುವುದು ಮ, ದ, ಸ. ನಿ ಅಲ್ಲಿಗೆ ಸೇರಿದ್ದಲ್ಲ, ಮರುಕ್ಷಣವೇ ದ ಗೆ ಇಳಿದು ಮನೆ ಸೇರುತ್ತದೆ. ಆ ಇಳಿಯುವಿಕೆಯಲ್ಲೇ ಹಾಡಿನ ಪ್ರೀತಿ ಇರುವುದು. ಹಾಡಿನ ಸ್ವರ ನೋಡಿ ಕಾರ್ಡ್ ಹಾಕುವವರು ಇಲ್ಲಿ ಸುಮ್ನೆ ದಾರಿ ತಪ್ಪುತ್ತಾರೆ. ನಿ ಇದೆಯಲ್ಲ ಎಂದು ಜಿ ಹಾಕುತ್ತಾರೆ, ಕೇಳಲು ಒರಟಾಗುತ್ತದೆ. ಬೇಸ್ ಹೋಗಿ ಕೂತದ್ದು ಮ ಮೇಲೆ. ಬೇಸ್ ಮೊದಲು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಜೊತೆಗಾರ ಕಾರ್ಡ್‌ಗಳು

ಮೇಜರ್ ಹಾಡಿನಲ್ಲಿ ಸ, ಮ, ಪ ಮೇಲಿನ ಕಾರ್ಡ್‌ಗಳು ಮೇಜರ್. ರಿ, ಗ, ದ ಮೇಲಿನವು ಮೈನರ್. ಬಿಳಿ ಒಂದರಲ್ಲಿ ಸಿ, ಎಫ್, ಜಿ. ಡಿ ಮೈನರ್, ಇ ಮೈನರ್, ಎ ಮೈನರ್. ಈ ಆರೇ ಸಾಕು, ಬಹಳ ಹಾಡುಗಳು ಇದರಲ್ಲಿ ಮುಗಿಯುತ್ತವೆ. ಹಾಗಾಗಿ ಬೇಸ್ ದ ಎಂದು ಗೊತ್ತಾದರೆ ಮೈನರ್ ಇರಬಹುದು ಎಂದೇ ಮೊದಲು ಪ್ರಯತ್ನಿಸಿ. ಕಿವಿ ಒಪ್ಪದಿದ್ದರೆ ಮಾತ್ರ ಮೇಜರ್.

ಬೇಸ್ ಏನೂ ಕೇಳಿಸದ ಹಾಡಿಗೆ ಒಂದು ಉಪಾಯ ಮಾಡುತ್ತೇನೆ. ಬರೀ ಹಾರ್ಮೋನಿಯಂ, ತಬಲಾ ಇರುವ ಹಳೆಯ ರೆಕಾರ್ಡಿಂಗ್‌ಗಳಲ್ಲಿ ಇದು ಬೇಕಾಗುತ್ತದೆ. ಇಡೀ ಪಲ್ಲವಿಗೆ ಸ ಕಾರ್ಡ್ ಒಂದನ್ನೇ ಹಿಡಿದು ನುಡಿಸಿ. ಎಲ್ಲೆಲ್ಲಿ ಚುಚ್ಚುತ್ತದೋ ಆ ಪದದ ಕೆಳಗೆ ಗೆರೆ ಎಳೆಯಿರಿ. ಆ ಜಾಗಗಳಲ್ಲಿ ಮೊದಲು ಪ, ಆಮೇಲೆ ಮ, ಆಮೇಲೆ ದ ಮೈನರ್ ಹಾಕಿ ನೋಡಿ. ಸಾಲಿನ ಕೊನೆಯಲ್ಲಿ ಸ ಗೆ ಮರಳುವ ಮುಂಚೆ ಪ ಇರುವ ಸಾಧ್ಯತೆ ಜಾಸ್ತಿ. ಪ ಕಾರ್ಡಿನೊಳಗೆ ನಿ ಇದೆ, ಅದು ಸ ಗೆ ಅರ್ಧ ಸ್ವರದಷ್ಟೇ ದೂರ. ಮನೆಗೆ ಎಳೆಯುವುದು ಅದೇ.

ಮೈನರ್ ಹಾಡಿನಲ್ಲಿ ಲೆಕ್ಕ ಬೇರೆ. ನಟಭೈರವಿಯ ಸ್ವರಗಳಾದರೆ ಸ, ಮ, ಪ ಮೈನರ್. ಗ, ದ, ನಿ ಮೇಜರ್. ಆದರೆ ಹಾಡಿನಲ್ಲಿ ಕಾಕಲಿ ನಿಷಾದ (ಸ ಗಿಂತ ಅರ್ಧ ಸ್ವರ ಕೆಳಗಿನ ನಿ) ಬಂದರೆ, ಅಂದರೆ ಕೀರವಾಣಿ ರಾಗದ ಛಾಯೆ ಇದ್ದರೆ, ಪ ಮೇಲಿನ ಕಾರ್ಡ್ ಮೇಜರ್ ಆಗುತ್ತದೆ. ನಮ್ಮ ಸಿನಿಮಾ ಹಾಡುಗಳಲ್ಲಿ ಇದು ತುಂಬಾ ಸಾಮಾನ್ಯ. ಎ ಮೈನರ್ ಹಾಡಿನಲ್ಲಿ ಇ ಮೈನರ್ ಹಾಕಿ ಯಾಕೋ ಸಪ್ಪೆ ಅನಿಸಿದರೆ ಇ ಮೇಜರ್ ಹಾಕಿ ನೋಡಿ.

ರಾಗದ ಹಾಡು ಬಂದಾಗ

ನನಗೆ ಅತ್ಯಂತ ಇಷ್ಟದ ಭಾಗ ಇದು. ನಮ್ಮ ರಾಗಗಳನ್ನು ಯಾರೂ ಕಾರ್ಡ್‌ಗಾಗಿ ಕಟ್ಟಿಲ್ಲ. ಒಂದೇ ಷಡ್ಜದ ಮೇಲೆ ನಿಂತು ಬೆಳೆದವು. ಹಾಗಾಗಿ ಸಿಕ್ಕ ಕಡೆಯೆಲ್ಲ ಕಾರ್ಡ್ ಬದಲಾಯಿಸಿದರೆ ರಾಗ ಚೂರುಚೂರಾಗುತ್ತದೆ.

ಮೋಹನದಲ್ಲಿರುವುದು ಸ ರಿ ಗ ಪ ದ. ಈ ಐದೇ ಸ್ವರಗಳಿಂದ ಪೂರ್ತಿಯಾಗಿ ಕಟ್ಟಲು ಬರುವ ಕಾರ್ಡ್ ಎರಡೇ: ಸ ಮೇಜರ್ ಮತ್ತು ದ ಮೈನರ್. ಮ, ಪ ಕಾರ್ಡ್‌ಗಳನ್ನೂ ಸಂಯೋಜಕರು ಹಾಕುತ್ತಾರೆ, ಅವು ಚೆನ್ನಾಗಿಯೇ ಕೇಳಿಸುತ್ತವೆ. ಆದರೆ ಅವುಗಳೊಳಗೆ ರಾಗದಲ್ಲಿಲ್ಲದ ಮ, ನಿ ನುಸುಳುತ್ತವೆ. ಗೊತ್ತಿದ್ದು ಹಾಕಿ. ಗಾಯಕರು ಆಲಾಪ ಮಾಡುವಾಗಂತೂ ಅವನ್ನು ಮುಟ್ಟಬೇಡಿ.

ಮಾಯಾಮಾಳವಗೌಳ ಎಲ್ಲರೂ ಮೊದಲು ಕಲಿಯುವ ರಾಗ. ಅದರಲ್ಲಿ ಸ ಮೇಜರ್ ಸರಿ. ಪ ಮೇಲೆ ಮಾಮೂಲಿ ಮೇಜರ್ ಹಾಕಲು ಹೋದರೆ ಚತುಶ್ರುತಿ ರಿಷಭ ಬೇಕು, ರಾಗದಲ್ಲಿರುವುದು ಅದಕ್ಕಿಂತ ಅರ್ಧ ಸ್ವರ ಕೆಳಗಿನ ಶುದ್ಧ ರಿಷಭ. ಹಾಗಾಗಿ ಕೈ ಅಭ್ಯಾಸಕ್ಕೆ ಹೋಗಿ ಕೂರುವ ಜಿ ಇಲ್ಲಿ ನಡೆಯುವುದಿಲ್ಲ. ಅದರ ಬದಲು ಮ ಮೈನರ್ ಬರುತ್ತದೆ, ಶುದ್ಧ ರಿಷಭದ ಮೇಲೆ ಮೇಜರ್ ಬರುತ್ತದೆ. ಬಿಳಿ ಒಂದರಲ್ಲಿ ಸಿ, ಎಫ್ ಮೈನರ್, ಸಿ ಶಾರ್ಪ್. ಈ ಮೂರನ್ನು ಒಂದಾದ ಮೇಲೊಂದು ನಿಧಾನವಾಗಿ ನುಡಿಸಿ. ಬೆಳಗಿನ ರಾಗದ ಬಣ್ಣ ಹಾಗೇ ಬಂದು ನಿಲ್ಲುತ್ತದೆ.

ಗಮಕ ಜಾಸ್ತಿ ಇರುವ ಕಡೆ ಮೂರು ಸ್ವರದ ಕಾರ್ಡನ್ನೇ ಬಿಡಿ. ಗಾಂಧಾರ ಓಲಾಡುತ್ತಿರುವಾಗ ನಾವು ಕೀಬೋರ್ಡಿನಲ್ಲಿ ಅಲ್ಲಾಡದ ಗಾಂಧಾರ ಒತ್ತಿದರೆ ಗಾಯಕರಿಗೆ ಹಿಂಸೆ. ಸ-ಪ ಮಾತ್ರ ಹಿಡಿಯಿರಿ.

ಸಿಕ್ಕಿಹಾಕಿಕೊಳ್ಳುವ ಜಾಗಗಳು

ಬೇಸ್ ಸ್ವರವೇ ಯಾವಾಗಲೂ ಕಾರ್ಡಿನ ಹೆಸರಲ್ಲ. ಬೇಸ್ ಸ, ನಿ, ದ, ಪ ಎಂದು ಮೆಟ್ಟಿಲು ಇಳಿದು ಬರುವ ಹಾಡುಗಳು ನಿಮಗೆ ಖಂಡಿತ ಸಿಗುತ್ತವೆ. ಅಲ್ಲಿ ನಿ ಬಂದ ಕಡೆ ನಿ ಕಾರ್ಡ್ ಹುಡುಕಿದರೆ ಏನೂ ಹೊಂದುವುದಿಲ್ಲ. ಅದು ಹೆಚ್ಚಾಗಿ ಪ ಕಾರ್ಡ್, ಬೇಸ್ ಮಾತ್ರ ಅದರ ಗಾಂಧಾರದ ಮೇಲೆ ನಿಂತಿದೆ. ಸಿ, ಬಿ ಬೇಸಿನ ಮೇಲೆ ಜಿ, ಎ ಮೈನರ್, ಜಿ. ಬೇಸ್ ಸ್ವರದ ಮೇಲೆ ಮೇಜರ್, ಮೈನರ್ ಎರಡೂ ಕೂರದಿದ್ದರೆ ಆ ಸ್ವರ ಇರುವ ಬೇರೆ ಕಾರ್ಡ್‌ಗಳನ್ನು ನೋಡಿ.

ಪ ಕಾರ್ಡ್ ಸರಿಯಿದೆ, ಆದರೂ ರೆಕಾರ್ಡಿಂಗಿನಲ್ಲಿ ಇನ್ನೂ ಸ್ವಲ್ಪ ಎಳೆತ ಇದೆ ಅನಿಸಿದರೆ ಅದಕ್ಕೆ ಮ ಸೇರಿಸಿ. ಅದು ಸೆವೆಂತ್. ಪ ಕಾರ್ಡಿನಲ್ಲಿ ನಿ ಬದಲು ಸ ಕೇಳಿಸಿ, ಆಮೇಲೆ ನಿ ಗೆ ಇಳಿದರೆ ಅದು ಸಸ್ ಫೋರ್. ಇವೆಲ್ಲ ಆಮೇಲಿನ ಅಲಂಕಾರ. ಸಾದಾ ಕಾರ್ಡ್‌ಗಳಲ್ಲಿ ಹಾಡು ಪೂರ್ತಿ ನಿಂತ ಮೇಲೆ ಮಾಡಿ.

ಬರೆದಿಡುವ ರೀತಿ

ನನ್ನ ಪುಸ್ತಕದಲ್ಲಿ ಸಾಹಿತ್ಯ ಬರೆದು, ಕಾರ್ಡ್ ಬದಲಾಗುವ ಅಕ್ಷರದ ನೇರ ಮೇಲೆ ಸ, ಮ, ಪ, ದ ಎಂದು ಬರೆಯುತ್ತೇನೆ. ಮೈನರ್ ಆದರೆ ಕೆಳಗೊಂದು ಚುಕ್ಕೆ. ಸಿ, ಎಫ್ ಬರೆಯುವುದಿಲ್ಲ. ಯಾಕೆಂದರೆ ಗಣೇಶನ ಹಬ್ಬದ ಪೆಂಡಾಲಿನಲ್ಲಿ ಮೈಕ್ ಹಿಡಿದ ಮೇಲೆ ಗಾಯಕಿ ತಿರುಗಿ, "ಅಕ್ಕಾ, ಇವತ್ತು ಗಂಟಲು ಕಟ್ಟಿದೆ, ಅರ್ಧ ಇಳಿಸಿ" ಅನ್ನುತ್ತಾಳೆ. ಸ್ವರದಲ್ಲಿ ಬರೆದಿದ್ದರೆ ಸ ಜಾಗ ಬದಲಾಯಿಸಿದರೆ ಆಯಿತು.

ಐದೂವರೆ ಶ್ರುತಿ ಎಂದರೆ ಸ ಜಿ ಶಾರ್ಪಿನಲ್ಲಿ. ಆಗ ಮ ಸಿ ಶಾರ್ಪ್, ಪ ಡಿ ಶಾರ್ಪ್, ದ ಎಫ್ ಮೈನರ್. ಗಿಟಾರಿನವರಿಗೆ ಇದು ಕಷ್ಟದ ಜಾಗ. ಮೊದಲನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್) ಹಾಕಿ ಜಿ, ಸಿ, ಡಿ, ಇ ಮೈನರ್ ಹಿಡಿದರೆ ಸರಿಯಾಗಿ ಅದೇ ಬರುತ್ತದೆ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಬಳಸುವುದಕ್ಕೆ ನನ್ನ ತಕರಾರಿಲ್ಲ. ಹಾಡು ಮುಗಿದ ಕೂಡಲೇ ಅದನ್ನು ಸೊನ್ನೆಗೆ ತಂದುಬಿಡಿ.

ಬರೆದಾದ ಮೇಲೆ ಒಂದು ಪರೀಕ್ಷೆ. ರೆಕಾರ್ಡಿಂಗ್ ನಿಲ್ಲಿಸಿ, ನೀವೇ ಹಾಡುತ್ತಾ ಕಾರ್ಡ್ ನುಡಿಸಿ. ಆಮೇಲೆ ರೆಕಾರ್ಡಿಂಗಿನ ಜೊತೆ ನುಡಿಸಿ. ಎರಡರಲ್ಲೂ ನಿಂತರೆ ಸರಿ. ರೆಕಾರ್ಡಿಂಗಿನ ಜೊತೆ ಮಾತ್ರ ನುಡಿಸಿದರೆ ನಮ್ಮ ತಪ್ಪು ಅದರ ಶಬ್ದದಲ್ಲಿ ಮುಚ್ಚಿಹೋಗುತ್ತದೆ.

ಎಷ್ಟು ಕೇಳಿದರೂ ಒಂದು ಜಾಗ ಸಿಗದೆ ಉಳಿದರೆ ಪುಸ್ತಕದಲ್ಲಿ ಅದನ್ನು ಖಾಲಿ ಬಿಡಿ. ತಪ್ಪು ಕಾರ್ಡ್ ಬರೆದಿಟ್ಟರೆ ಕೈ ಅದನ್ನೇ ಕಲಿತುಬಿಡುತ್ತದೆ. ಕಾರ್ಯಕ್ರಮ ನಾಳೆಯೇ ಇದ್ದರೆ ಅಲ್ಲಿ ಬೇಸ್ ಸ್ವರ ಮತ್ತು ಅದರ ಪಂಚಮ ಎರಡನ್ನೇ ನುಡಿಸಿ, ಗಾಂಧಾರ ಬಿಟ್ಟುಬಿಡಿ. ಮೇಜರ್ ಆಗಿದ್ದರೂ ಮೈನರ್ ಆಗಿದ್ದರೂ ಅದು ಹೊಂದುತ್ತದೆ. ಬೇಸ್ ಸ್ವರವೂ ಸಿಗದಿದ್ದರೆ ಆ ಒಂದು ಆವರ್ತನ ಕೈ ಎತ್ತಿ, ತಬಲಾ ಮತ್ತು ದನಿಗೆ ಬಿಟ್ಟುಕೊಡಿ, ಮುಂದಿನ ಪೆಟ್ಟಿಗೆ ಸೇರಿಕೊಳ್ಳಿ.